ಫೆಬ್ರುವರಿ ಇಪ್ಪತ್ತೊಂಬತ್ತು ಮತ್ತು ನಮ್ಮ ಮಕ್ಕಳು

ಅಪರೂಪಕ್ಕೆ ಮನೆಗೆ ಬಂದ ನೆಂಟರಿಗೆ ಕಾಲು ತೊಳೆಯಲು ನೀರು, ಕುಡಿಯಲು ಬೆಲ್ಲ ನೀರು ಕೊಟ್ಟು ಉಪಚರಿಸುವುದು ನಮ್ಮೂರ ಕಡೆಯ ಪದ್ಧತಿ. ಆದರೆ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬರುವ ನೆಂಟನೊಬ್ಬನನ್ನು ನಾವು ಮಾತನಾಡಿಸದೆಯೇ ಹಿಂದಕ್ಕೆ ಕಳುಹಿಸುತ್ತಿದ್ದೇವೆ. ಅವನಾರೆಂದರೆ ಫೆಬ್ರುವರಿ ತಿಂಗಳ 29ನೆಯ ತಾರೀಕು. ಹೋಟೆಲಿನಲ್ಲಾಗಲಿ ಕಚೇರಿಯಲ್ಲಾಗಲಿ ತಿಂಗಳ ಸಂಬಳಕ್ಕೆ ದುಡಿಯುವ ನಮಗೆ ಅವನ ಪರಿಚಯ ಒಂದೇ ವಿಧದ್ದು: ಅದೇ ಸಂಬಳಕ್ಕೆ ಒಂದು ದಿನದ ದುಡಿಮೆ ಹೆಚ್ಚು!

ಇದನ್ನು ಇತರರ ಮೇಲಿನ ಆಕ್ಷೇಪಣೆಯಾಗಿ ನಾನು ಬರೆಯುತ್ತಿಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ಮುಂಬಯಿಯಲ್ಲಿ ಚಿಕ್ಕದೊಂದು ಹೋಟೆಲು ನಡೆಸುತ್ತಿದ್ದೆ. 2012ರ ಫೆಬ್ರುವರಿ 29, ಬುಧವಾರ. ಆಗ ಆರು ವರ್ಷದವಳಾಗಿದ್ದ ಮಗಳು ಬೆಳಗಿನ ಜಾವವೇ ಎದ್ದು, “ಅಪ್ಪಾ, ಇವತ್ತಿನ ದಿನ ಮತ್ತೆ ಬರಬೇಕಾದರೆ ನಾಲ್ಕು ವರ್ಷ ಬೇಕಂತೆ. ಟೀಚರು ಹೇಳಿದರು. ನಾವು ಏನಾದರೂ ಮಾಡೋಣವಾ?” ಎಂದು ಕೇಳಿದಳು. “ಮುಂದಿನ ಸಲ ಮಾಡೋಣ ಮಗಾ” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ. 2016ರಲ್ಲಿ ಆ ದಿನ ಸೋಮವಾರ. ಅಡುಗೆಯವರು ಊರಿಗೆ ಹೋಗಿದ್ದರು. ನಾನು ಮನೆ ಸೇರುವಾಗ ಅವಳು ಮಲಗಿಯಾಗಿತ್ತು. 2020ರಲ್ಲಿ ಅವಳಿಗೆ ಹದಿನಾಲ್ಕು. ಅವಳು ಕೇಳಲಿಲ್ಲ. ನಾನೇ ನೆನಪಿಸಿದಾಗ, “ಪರೀಕ್ಷೆ ಹತ್ತಿರ ಬಂತಲ್ಲಪ್ಪಾ” ಎಂದಳು.

ಲೆಕ್ಕ ಹಾಕಿ ನೋಡಿರಿ. ಮಗುವಿಗೆ ಹದಿನಾರು ತುಂಬುವುದರೊಳಗೆ ಈ ದಿನ ಬರುವುದು ನಾಲ್ಕೇ ಸಲ. ಮೊದಲನೆಯದು ಮಗುವಿನ ತಿಳಿವಿಗೆ ಬರುವುದಿಲ್ಲ. ಕೊನೆಯದರ ಹೊತ್ತಿಗೆ ಅದು ನಮ್ಮ ಮಡಿಲು ಬಿಟ್ಟಿರುತ್ತದೆ. ನಮ್ಮ ಪಾಲಿಗೆ ಉಳಿಯುವುದು ಎರಡು. ಮುಂದಿನದು 2028ರಲ್ಲಿ ಬರುತ್ತದೆ. ಅಂದು ಮಂಗಳವಾರ. ಹಬ್ಬವಲ್ಲ, ರಜೆಯೂ ಇಲ್ಲ. ಆದುದರಿಂದ ಈಗಲೇ ಮನಸ್ಸಿನಲ್ಲಿ ಗುರುತು ಮಾಡಿಟ್ಟುಕೊಳ್ಳದಿದ್ದರೆ ನನಗೆ ಆದಂತೆಯೇ ಆಗುವುದು. ಬೇಕಾದುದು ಅರ್ಧ ಗಂಟೆ ಮಾತ್ರ. ಖರ್ಚು ಒಂದು ದೋಸೆಯಷ್ಟು.

ದೋಸೆಯೆಂದುದು ತಮಾಷೆಗಲ್ಲ. ಈ ಹೆಚ್ಚಿನ ದಿನ ಎಲ್ಲಿಂದ ಬಂತೆಂದು ಮಗುವಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಭೂಮಿಯು ಸೂರ್ಯನನ್ನು ಆಧರಿಸಿ ಒಂದು ಋತುಚಕ್ರ ಮುಗಿಸಲು 365 ದಿನಗಳ ಮೇಲೆ ಸುಮಾರು 5 ಗಂಟೆ 48 ನಿಮಿಷ 46 ಸೆಕೆಂಡು ಹಿಡಿಯುತ್ತದೆ. ಅಂದರೆ ವರ್ಷವರ್ಷವೂ ಹೆಚ್ಚುಕಡಿಮೆ ಕಾಲು ದಿನ ಲೆಕ್ಕಕ್ಕೆ ಸೇರದೆ ಮಿಗುತ್ತದೆ. ದೋಸೆಯನ್ನು ನಾಲ್ಕು ಸಮಭಾಗ ಮಾಡಿ, ಒಂದೊಂದು ವರ್ಷದ ಹೆಸರು ಹೇಳುತ್ತ ಒಂದೊಂದು ತುಂಡನ್ನು ಬೇರೆ ತಟ್ಟೆಯಲ್ಲಿ ಜೋಡಿಸಿರಿ. ನಾಲ್ಕನೆಯ ತುಂಡಿಗೆ ದೋಸೆ ಪೂರ್ಣವಾಗುತ್ತದೆ. ಅದೇ 29ನೆಯ ತಾರೀಕು. ಬಳಿಕ ಎಲ್ಲರೂ ಹಂಚಿಕೊಂಡು ತಿನ್ನತಕ್ಕದ್ದು.

ಮಗು ಸ್ವಲ್ಪ ದೊಡ್ಡದಾದರೆ ಮುಂದಿನ ಮಾತನ್ನೂ ಹೇಳಬಹುದು. ಕಾಲು ದಿನವೆಂದರೆ ಆರು ಗಂಟೆ. ನಿಜವಾಗಿ ಮಿಗುವುದು ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಗಲ್ಲೆಯಲ್ಲಿ ಕುಳಿತವರಿಗೆ ಚಿಲ್ಲರೆಯ ಮಹತ್ವವನ್ನು ಹೇಳಬೇಕಾಗಿಲ್ಲವಷ್ಟೆ. ಈ ಚಿಲ್ಲರೆಯೇ 400 ವರ್ಷಗಳಲ್ಲಿ ಮೂರು ದಿನಗಳಷ್ಟಾಗುತ್ತದೆ. ಆದುದರಿಂದಲೇ 1582ರಲ್ಲಿ ಪೋಪ್ ಗ್ರೆಗರಿಯವರ ಕಾಲದಲ್ಲಿ ಪಂಚಾಂಗವನ್ನು ತಿದ್ದಿ, ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವವುಗಳಿಗೆ ಮಾತ್ರ 29ನ್ನು ಉಳಿಸಿದರು. 1900ರಲ್ಲಿ ಆ ದಿನ ಇರಲಿಲ್ಲ, 2000ದಲ್ಲಿ ಇತ್ತು, 2100ರಲ್ಲಿ ಇರುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯದ ಪ್ರಶ್ನೆ ಕೇಳಿರಿ. ಹಿಂದೆ ಮುಂಬಯಿ ರಾಜ್ಯದ ಮುಖ್ಯಮಂತ್ರಿಗಳಾಗಿದ್ದು, 1977ರಲ್ಲಿ ದೇಶದ ಪ್ರಧಾನಿಗಳಾದ ಮೊರಾರ್ಜಿ ದೇಸಾಯಿಯವರು ಹುಟ್ಟಿದ್ದು 1896ರ ಫೆಬ್ರುವರಿ 29ರಂದು. ಅವರ ಹುಟ್ಟಿದ ತಾರೀಕು ಮೊದಲ ಸಲ ಮರಳಿ ಬಂದದ್ದು ಯಾವಾಗ? ಮಕ್ಕಳು 1900 ಎನ್ನುವರು. ಉತ್ತರ 1904. ಅಲ್ಲಿಯವರೆಗೆ ಎಂಟು ವರ್ಷ ಕಾಯಬೇಕಾಯಿತು! 1995ರಲ್ಲಿ ತೀರಿಕೊಳ್ಳುವವರೆಗೆ, 99 ವರ್ಷಗಳ ಆಯುಸ್ಸಿನಲ್ಲಿ ಆ ತಾರೀಕು ಮರಳಿ ಬಂದದ್ದು ಕೇವಲ 23 ಸಲ.

ಮಿಕ್ಕಿದ್ದನ್ನು ಹೀಗೆ ಕೂಡಿಡುವ ಉಪಾಯ ಪರದೇಶದವರದು ಮಾತ್ರವೆಂದು ಮಕ್ಕಳು ತಿಳಿಯಬಾರದು. ನಮ್ಮ ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನಗಳು. ವರ್ಷಕ್ಕೆ 11 ದಿನಗಳಂತೆ ಬೀಳುವ ಕೊರತೆಯನ್ನು ನಮ್ಮ ಹಿರಿಯರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒಂದು ಇಡೀ ತಿಂಗಳನ್ನೇ ಸೇರಿಸಿ ತುಂಬಿಸಿದರು. ಅದೇ ಅಧಿಕ ಮಾಸ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ಕ್ಕೆ ಅಧಿಕ ಜ್ಯೇಷ್ಠ. ಈ ವಿಷಯವನ್ನು ಊರಿನಲ್ಲಿರುವ ಅಜ್ಜಿಯಿಂದಲೇ ದೂರವಾಣಿಯ ಮೂಲಕ ಹೇಳಿಸಿದರೆ ಮಕ್ಕಳು ಹೆಚ್ಚು ಕಿವಿಗೊಟ್ಟು ಕೇಳುತ್ತಾರೆ, ಅಜ್ಜಿಗೂ ಸಂತೋಷವಾಗುತ್ತದೆ.

ಇನ್ನು ಮುಂದಿನ ಸಲದವರೆಗೆ ಉಳಿಯತಕ್ಕ ಎರಡು ಕೆಲಸಗಳು.

ಮೊದಲನೆಯದು, ಮಗುವಿನ ಎತ್ತರ ಅಳೆಯುವುದು. ಗೋಡೆಗೆ ಗೀಟು ಹಾಕಬೇಡಿರಿ. ನಮ್ಮದು ಬಾಡಿಗೆ ಖೋಲಿ, ನಾಲ್ಕು ವರ್ಷಗಳಲ್ಲಿ ಬದಲಾದರೂ ಆದೀತು. ಅಂಗಾಲಿನಿಂದ ನೆತ್ತಿಯವರೆಗೆ ಒಂದು ದಾರ ಹಿಡಿದು ಕತ್ತರಿಸಿ, ತಾರೀಕು ಬರೆದ ಲಕೋಟೆಯಲ್ಲಿಟ್ಟು ಪೆಟ್ಟಿಗೆಯ ತಳಕ್ಕೆ ಸೇರಿಸಿರಿ. ಹೆಂಡತಿ ಮಕ್ಕಳು ಊರಿನಲ್ಲೇ ಇರುವವರು ಮನೆಯವರಿಂದ ಅಳೆಸಿ, ಆ ದಾರವನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ಮಗು ಎಷ್ಟು ಬೆಳೆದಿದೆಯೆಂದು ಫೋಟೋ ನೋಡಿದರೆ ತಿಳಿಯುವುದಿಲ್ಲ. ಆ ದಾರವನ್ನು ನಿಮ್ಮ ಎದೆಗೆ ಹಿಡಿದು ನೋಡಿದರೆ ತಿಳಿಯುತ್ತದೆ.

ಎರಡನೆಯದು, ಕಾಗದ ಬರೆಯಿಸುವುದು. ಇಲ್ಲಿಯ ನಮ್ಮ ಮಕ್ಕಳು ಇಂಗ್ಲಿಷು, ಮರಾಠಿ, ಹಿಂದಿಯಲ್ಲಿ ಜಾಣರು. ಕನ್ನಡ ಮಾತನಾಡುತ್ತಾರಾದರೂ ಅನೇಕರಿಗೆ ಬರೆಯಲು ಬಾರದು. ಆ ದಿನ ಮಗುವಿನ ಕೈಹಿಡಿದು ಅದರ ಹೆಸರನ್ನೂ ಊರಿನ ಹೆಸರನ್ನೂ ಕನ್ನಡ ಅಕ್ಷರಗಳಲ್ಲಿ ಬರೆಯಿಸಿರಿ. ಬರೆಯಲು ಬಲ್ಲ ಮಗುವಾದರೆ, ನಾಲ್ಕು ವರ್ಷಗಳ ಬಳಿಕದ ತನಗೇ ನಾಲ್ಕು ಸಾಲು ಬರೆಯಲಿ. ತಂದೆಯೂ ಒಂದು ಸಾಲು ಸೇರಿಸಲಿ. ದಾರದ ಜೊತೆಗೆ ಅದನ್ನೂ ಇಟ್ಟು, 2032ರವರೆಗೆ ಬಿಚ್ಚದಿರಿ.

2024ರ ಫೆಬ್ರುವರಿ 29ರಂದು ನನ್ನ ಮಗಳಿಗೆ ಹದಿನೆಂಟು. ಅಂದು ರಾತ್ರಿ ಮನೆಗೆ ಬೇಗ ಬಂದು ದಾರದ ಉಂಡೆ ತೆಗೆದೆ. “ನಾನಿನ್ನು ಬೆಳೆಯುವುದಿಲ್ಲಪ್ಪಾ” ಎಂದು ನಕ್ಕಳು. ಆದರೂ ಗೋಡೆಗೆ ಒರಗಿ ನೆಟ್ಟಗೆ ನಿಂತಳು. ಆ ದಾರ ಈಗ ಪೆಟ್ಟಿಗೆಯಲ್ಲಿದೆ. ಅದರ ಪಕ್ಕದಲ್ಲಿ ಇರಬೇಕಾಗಿದ್ದ ಮೂರು ದಾರಗಳು ಇಲ್ಲ.

ವಾಚಕ ಮಿತ್ರರ ಪೆಟ್ಟಿಗೆಯಲ್ಲಿ ಅವು ಇರಲೆಂದು ಇಷ್ಟು ಬರೆದಿದ್ದೇನೆ.