ಮದುವಿ ಸೀಡಿ ಒಳಗ ಏನೈತಿ?

“ಕಂಪ್ಯೂಟರ್‌ನಾಗ ಛಲೋ ಓಡ್ತೈತ್ರೀ, ಟೀವಿಗೆ ಹಚ್ಚಿದ ಪ್ಲೇಯರ್‌ನಾಗ ಯಾಕ ಓಡವಲ್ದು?” ಮಗಳ ಕುಬಸದ ವಿಡಿಯೋವನ್ನು ಮನೆಯ ಕಂಪ್ಯೂಟರಿನಲ್ಲೇ ಡಿವಿಡಿಗೆ ಹಾಕಿಕೊಂಡವರು ಸ್ಟುಡಿಯೋದವರ ಮುಂದೆ ಇಡುವ ಮೊದಲ ಪ್ರಶ್ನೆ ಇದು. ಡಿಸ್ಕ್ ಕೆಟ್ಟಿಲ್ಲ, ಪ್ಲೇಯರೂ ಕೆಟ್ಟಿಲ್ಲ. ಫೈಲನ್ನು ಡಿಸ್ಕಿಗೆ ನಕಲು ಮಾಡುವುದು ಒಂದು ಕೆಲಸ. ಪ್ಲೇಯರ್ ಓಡಿಸಬಲ್ಲ ವಿಡಿಯೋ ಡಿಸ್ಕ್ ಮಾಡುವುದು ಬೇರೆಯೇ ಕೆಲಸ.

ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಯಲುಸೀಮೆ ತೀರಿ ಮಲೆನಾಡು ಹತ್ತಿರವಾಗುವಲ್ಲಿ ಕಲಘಟಗಿ ಇದೆ. ಈ ಊರಿನ, ಸುತ್ತಲಿನ ಹಳ್ಳಿಗಳ, ಹಾಗೆಯೇ ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಒಂದು ಇಡೀ ತಲೆಮಾರಿನ ಮದುವೆಗಳು ಹೊಳೆಯುವ ಡಿಸ್ಕುಗಳಲ್ಲಿ ಕುಳಿತಿವೆ. ಮೊದಲು ಬಂದದ್ದು ವಿಸಿಡಿ. 1993ರಲ್ಲಿ ನಿಗದಿಯಾದ ಆ ಪದ್ಧತಿಯಲ್ಲಿ ಚಿತ್ರದ ಅಳತೆ ಅಡ್ಡ 352, ಉದ್ದ 288 ಚುಕ್ಕೆ, ಒಂದು ಡಿಸ್ಕಿಗೆ 74 ನಿಮಿಷ. ಬೆಳಗಿನ ಸುರಗಿಯಿಂದ ಸಂಜೆಯ ನಿಬ್ಬಣದವರೆಗಿನ ಮದುವೆಗೆ ಮೂರು ಡಿಸ್ಕ್ ಬೇಕಾಗುತ್ತಿತ್ತು. ಆಮೇಲೆ ಡಿವಿಡಿ ಬಂತು. 2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದಾಗ ಸಣ್ಣ ಊರುಗಳ ಅಂಗಡಿಗಳಲ್ಲೂ ಡಿಸ್ಕ್ ಎಲ್ಲರ ಕೈಗೆಟುಕುವ ವಸ್ತುವಾಯಿತು. ಸ್ಟುಡಿಯೋಗಳಲ್ಲಿ ಮದುವೆ ಮಿಕ್ಸಿಂಗ್‌ಗೆ ಬಳಸುತ್ತಿದ್ದ ಖಾಲಿ ಡಿಸ್ಕುಗಳನ್ನೂ ಇದೇ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿತ್ತು. 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರುವಂತೆ ಆದೇಶವಾಯಿತು. ಕಂಪನಿ ಹೋಯಿತು, ಮದುವೆಗಳು ಕಪಾಟಿನಲ್ಲಿ ಉಳಿದವು.

ಡಿವಿಡಿ ಪ್ಲೇಯರ್ ಎನ್ನುವುದು ಒಂದೇ ಕೆಲಸ ಬಲ್ಲ ಯಂತ್ರ. 1990ರ ದಶಕದ ನಡುವೆ ಬರೆದಿಟ್ಟ ನಿಯಮವನ್ನು ಅದರ ಚಿಪ್ಪಿನೊಳಗೆ ಕೂರಿಸಿದ್ದಾರೆ. ಚಿತ್ರ ಎಂಪೆಗ್-2 ರೀತಿಯಲ್ಲೇ ಇರಬೇಕು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅಳತೆ 720ಕ್ಕೆ 576 ಚುಕ್ಕೆ, ಸೆಕೆಂಡಿಗೆ 25 ಚಿತ್ರ. ಧ್ವನಿಗೂ ಗೊತ್ತಾದ ಎರಡು ಮೂರು ರೂಪಗಳಷ್ಟೇ. ಮೊಬೈಲ್ ಕೊಡುವುದು 1920ಕ್ಕೆ 1080 ಚುಕ್ಕೆಯ, ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರದ, ಎಚ್.264 ರೀತಿಯ ಫೈಲು. ಈ ಎಚ್.264 ಬಂದದ್ದೇ 2003ರಲ್ಲಿ. ಕಂಪ್ಯೂಟರು ಹೊಸ ಸಾಫ್ಟ್‌ವೇರ್ ಹಾಕಿಕೊಂಡು ಹೊಸ ರೀತಿಯನ್ನು ಕಲಿಯಬಲ್ಲದು, ಪ್ಲೇಯರಿನ ಚಿಪ್ಪಿಗೆ ಅದು ಆಗದು. ಆದ್ದರಿಂದ ಮನೆಯಲ್ಲಿ ಡಿಸ್ಕ್ ಮಾಡುವವರ ಮೊದಲ ಹೆಜ್ಜೆ ಇಡೀ ವಿಡಿಯೋವನ್ನು ಎಂಪೆಗ್-2ಗೆ ಬದಲಿಸುವುದು. ಡಿವಿಡಿಸ್ಟೈಲರ್, ಡಿವಿಡಿ ಫ್ಲಿಕ್‌ನಂಥ ಉಚಿತ ಸಾಫ್ಟ್‌ವೇರ್‌ಗಳು ಮಾಡುವುದು ಇದನ್ನೇ. ಪೆಂಟಿಯಂ 4 ಕಾಲದಲ್ಲಿ ಮೂರು ತಾಸಿನ ಮದುವೆಯನ್ನು ಬದಲಿಸಲು ಹಚ್ಚಿ ಮಲಗಿದರೆ ಬೆಳಗಿನ ಹೊತ್ತಿಗೆ ಮುಗಿದಿರುತ್ತಿತ್ತು.

ಬದಲಿಸುವುದು ಎಂದರೆ ಮುಖ್ಯವಾಗಿ ಒತ್ತುವುದು, ಕುಗ್ಗಿಸುವುದು. ಲೆಕ್ಕ ನೋಡಿ. 720ಕ್ಕೆ 576 ಎಂದರೆ ಒಂದು ಚಿತ್ರದಲ್ಲಿ 4,14,720 ಚುಕ್ಕೆ. ಸೆಕೆಂಡಿಗೆ 25 ಚಿತ್ರ, ಒಂದು ಚುಕ್ಕೆಗೆ ಸರಾಸರಿ 12 ಬಿಟ್ ಹಿಡಿದರೆ ಸೆಕೆಂಡಿಗೆ ಸುಮಾರು 12.4 ಕೋಟಿ ಬಿಟ್ ಆಯಿತು. ಆದರೆ ಡಿಸ್ಕಿನಲ್ಲಿರುವ ಜಾಗ 4.7 ಜಿಬಿ. (ಕಂಪ್ಯೂಟರ್ ಅದನ್ನೇ 4.37 ಎಂದು ತೋರಿಸಿದರೆ ಅಂಗಡಿಯವರು ಮೋಸ ಮಾಡಿದರೆಂದು ತಿಳಿಯಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.) ಎರಡು ತಾಸಿನ ವಿಡಿಯೋಗೆ ಆ ಜಾಗವನ್ನು ಹಂಚಿದರೆ ಸೆಕೆಂಡಿಗೆ 52 ಲಕ್ಷ ಬಿಟ್ ಸಿಗುತ್ತದೆ. ಮೂರು ತಾಸಿಗೆ ಹಂಚಿದರೆ 35 ಲಕ್ಷ. ಅಂದರೆ ಇಪ್ಪತ್ತೈದು, ಮೂವತ್ತೈದು ಬಿಟ್‌ಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು, ನೋಡುವವರ ಕಣ್ಣಿಗೆ ಅದು ಗೊತ್ತಾಗಲೂಬಾರದು.

ಇದು ಸಾಧ್ಯವಾಗುವುದು, ಒಂದು ಚಿತ್ರಕ್ಕೂ ಅದರ ಮುಂದಿನದಕ್ಕೂ ವ್ಯತ್ಯಾಸ ಬಹಳ ಕಡಿಮೆ ಇರುವುದರಿಂದ. ಮದುಮಕ್ಕಳು ಹಂದರದಲ್ಲಿ ಕುಳಿತಿರುವಾಗ ಹಿಂದಿನ ಪರದೆ, ಹೂವಿನ ಅಲಂಕಾರ, ಖುರ್ಚಿ ಯಾವುದೂ ಕದಲುವುದಿಲ್ಲ. ಹಾಗಾಗಿ ಎಂಪೆಗ್ ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಒಂದು ಪೂರ್ತಿ ಚಿತ್ರ ಬರೆಯುತ್ತದೆ. ನಡುವಿನ ಹನ್ನೊಂದೋ ಹದಿನಾಲ್ಕೋ ಚಿತ್ರಗಳಿಗೆ ‘ಈ ಚೌಕ ಇಷ್ಟು ಸರಿಯಿತು, ಇಲ್ಲಿ ಇಷ್ಟು ಬದಲಾಯಿತು’ ಎಂಬ ಟಿಪ್ಪಣಿಯನ್ನಷ್ಟೇ ಇಡುತ್ತದೆ.

ಈ ಜಾಣತನಕ್ಕೆ ಕಠಿಣ ಪರೀಕ್ಷೆ ಎದುರಾಗುವುದು ಅಕ್ಕಿಕಾಳು ಬೀಳುವ ಹೊತ್ತಿಗೆ. ಭಜಂತ್ರಿಯ ಸದ್ದು ಏರುತ್ತದೆ, ಐನೂರು ಜನ ಒಟ್ಟಿಗೆ ಕೈ ಎತ್ತುತ್ತಾರೆ, ಸಾವಿರಾರು ಕಾಳು ಸಾವಿರಾರು ದಿಕ್ಕಿಗೆ ಹಾರುತ್ತವೆ. ಹಿಂದಿನ ಚಿತ್ರದ ಯಾವ ಚೌಕವೂ ಮುಂದಿನದರಲ್ಲಿ ಸಿಗುವುದಿಲ್ಲ. ಹೇಳಬೇಕಾದ ಬದಲಾವಣೆ ಒಮ್ಮೆಲೇ ಹತ್ತಾರು ಪಟ್ಟು ಹೆಚ್ಚುತ್ತದೆ, ಬಿಟ್‌ಗಳ ಪಡಿ ಮಾತ್ರ ಅಷ್ಟೇ. ಆಗ ಚಿತ್ರ ಒಡೆದು ಚೌಕುಳಿಯಾಗುತ್ತದೆ. ಹಳೆಯ ಮದುವೆ ವಿಸಿಡಿಗಳಲ್ಲಿ ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೇ ಮುಖಗಳು ಮಸುಕಾಗಲು ಕಾರಣ ಕ್ಯಾಮೆರಾದವರ ಕೈನಡುಕವಲ್ಲ. ವಿಸಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಸಿಗುವುದು 11.5 ಲಕ್ಷ ಬಿಟ್, ಅದೂ ಖಾಲಿ ಗೋಡೆಗೆ ಒಂದೇ, ಅಕ್ಕಿಕಾಳಿಗೂ ಒಂದೇ. ಡಿವಿಡಿಯಲ್ಲಿ ಈ ಪಡಿಯನ್ನು ಹೆಚ್ಚುಕಡಿಮೆ ಮಾಡಬಹುದು, ಬೇಕಾದಾಗ 98 ಲಕ್ಷದವರೆಗೂ ಏರಿಸಬಹುದು. ಸಾಫ್ಟ್‌ವೇರಿನಲ್ಲಿ ‘ಟು ಪಾಸ್’ ಎಂಬ ಆಯ್ಕೆ ಇದ್ದರೆ ಅದನ್ನು ತಪ್ಪದೆ ಹಾಕಿ. ಮೊದಲ ಸಲ ಅದು ಇಡೀ ಮದುವೆಯನ್ನು ನೋಡಿ ಎಲ್ಲಿ ಗದ್ದಲ, ಎಲ್ಲಿ ಶಾಂತ ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೇ ಸಲ ಊಟದ ಪಂಕ್ತಿಯಲ್ಲಿ ಉಳಿಸಿದ್ದನ್ನು ಅಕ್ಕಿಕಾಳಿಗೆ ಕೊಡುತ್ತದೆ. ಸಮಯ ಹೆಚ್ಚುಕಡಿಮೆ ದುಪ್ಪಟ್ಟು, ಆದರೆ ಆ ಎರಡು ನಿಮಿಷಕ್ಕಾಗಿಯೇ ಅಲ್ಲವೇ ಇಡೀ ಡಿಸ್ಕ್ ಮಾಡಿಸುವುದು? ಮೂರು ತಾಸಿನ ವಿಡಿಯೋವನ್ನು ಒಂದೇ ಡಿಸ್ಕಿಗೆ ತುರುಕುವುದಕ್ಕಿಂತ ಎರಡಕ್ಕೆ ಒಡೆಯುವುದು ಒಳ್ಳೆಯದೆಂದು ನಾನು ಹೇಳುವುದೂ ಇದಕ್ಕೇ.

ಎಂಪೆಗ್-2 ಫೈಲು ಸಿದ್ಧವಾದ ಮೇಲೂ ಅದನ್ನು ಹಾಗೇ ಹಾಕುವಂತಿಲ್ಲ. ‘ವಿಡಿಯೋ ಟಿಎಸ್’ ಎಂಬ ಹೆಸರಿನ ಫೋಲ್ಡರಿನಲ್ಲಿ ಚಿತ್ರ-ಧ್ವನಿಗಳನ್ನು ಹೆಣೆದ ವಿಒಬಿ ಫೈಲುಗಳಿರಬೇಕು, ಒಂದೊಂದೂ 1 ಜಿಬಿ ಮೀರದಂತೆ. ಯಾವ ಅಧ್ಯಾಯ ಎಲ್ಲಿ ಸುರುವಾಗುತ್ತದೆಂದು ತಿಳಿಸುವ ಐಎಫ್‌ಒ ಫೈಲು, ಅದು ಕೆಟ್ಟರೆ ಇರಲೆಂದು ಅದರದೇ ಒಂದು ನಕಲು. ಪ್ಲೇಯರ್ ಮೊದಲು ಹುಡುಕುವುದು ಈ ಐಎಫ್‌ಒವನ್ನು.

ಇನ್ನು ಬರೆಯುವ ಕೆಲಸ. ಅಂಗಡಿಯಲ್ಲಿ ಸಿಗುವ ಸಿನಿಮಾ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿರುತ್ತಾರೆ, ಅದರ ಗುಳಿಗಳು ಪ್ಲಾಸ್ಟಿಕ್‌ನಲ್ಲೇ ಮೂಡಿರುತ್ತವೆ. ಮನೆಯಲ್ಲಿ ಬರೆಯುವ ಡಿವಿಡಿಯಲ್ಲಿ ಗುಳಿಗಳಿಲ್ಲ, ಇರುವುದು ಬಣ್ಣ. 0.6 ಮಿಲಿಮೀಟರ್ ದಪ್ಪದ ಎರಡು ಪಾಲಿಕಾರ್ಬೊನೇಟ್ ಬಿಲ್ಲೆಗಳನ್ನು ಅಂಟಿಸಿರುತ್ತಾರೆ. ಅವುಗಳ ನಡುವೆ ಸಾವಯವ ಬಣ್ಣದ ತೆಳು ಪದರ, ಅದರ ಹಿಂದೆ ಕನ್ನಡಿಯಂಥ ಲೋಹದ ಪದರ. ಪ್ಲಾಸ್ಟಿಕ್‌ನಲ್ಲಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಹೋಗುವ ಒಂದು ಗೆರೆ ಮೊದಲೇ ಕೊರೆದಿರುತ್ತದೆ. ಸುತ್ತಿನಿಂದ ಸುತ್ತಿಗೆ ಅಂತರ 0.74 ಮೈಕ್ರೊಮೀಟರ್. ಆ ಸುರುಳಿಯನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಸುಮಾರು 12 ಕಿಲೋಮೀಟರ್ ಆಗುತ್ತದೆ. 650 ನ್ಯಾನೊಮೀಟರ್‌ನ ಕೆಂಪು ಲೇಸರ್ ಆ ಗೆರೆ ಹಿಡಿದು ಸಾಗುತ್ತ, ಬೇಕಾದ ಕಡೆ ಮಾತ್ರ ಜೋರಾಗಿ ಉರಿದು ಬಣ್ಣವನ್ನು ಸುಡುತ್ತದೆ. ಸುಟ್ಟಲ್ಲಿ ಬೆಳಕು ಸರಿಯಾಗಿ ಮರಳುವುದಿಲ್ಲ. ಓದುವಾಗ ಅದೇ ಲೇಸರ್ ಮೆಲ್ಲಗೆ ಹಾಯ್ದು, ಎಲ್ಲಿ ಬೆಳಕು ಮರಳಿತು, ಎಲ್ಲಿ ಮರಳಲಿಲ್ಲ ಎಂದು ನೋಡುತ್ತದೆ. ಅತಿ ಚಿಕ್ಕ ಗುರುತಿನ ಉದ್ದ 0.4 ಮೈಕ್ರೊಮೀಟರ್. ಪದೇ ಪದೇ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕಿನಲ್ಲಿ ಬಣ್ಣದ ಬದಲು ಮಿಶ್ರಲೋಹವಿರುತ್ತದೆ. ಅದು ಬೆಳಕನ್ನು ಬಹಳ ಕಡಿಮೆ ಮರಳಿಸುವುದರಿಂದ ಹಳೆಯ ಪ್ಲೇಯರುಗಳಿಗೆ ಹಲವು ಸಲ ಕಾಣುವುದೇ ಇಲ್ಲ.

ಬರೆಯುವ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ. 8ಎಕ್ಸ್ ವೇಗದಲ್ಲಿ ಸೆಕೆಂಡಿಗೆ 11 ಎಂಬಿ ಲೇಸರ್‌ಗೆ ಸಿಗುತ್ತಲೇ ಇರಬೇಕು, ತುಂಬಿದ ಡಿಸ್ಕ್ ಮುಗಿಯಲು ಎಂಟು ನಿಮಿಷದ ಆಸುಪಾಸು. ಹಿಂದೆ ಕಂಪ್ಯೂಟರ್ ಒಂದು ಕ್ಷಣ ತಡಮಾಡಿದರೂ ಡಿಸ್ಕ್ ಹಾಳಾಗುತ್ತಿತ್ತು. 2000ದ ಹೊತ್ತಿಗೆ ಸ್ಯಾನ್ಯೋ ಕಂಪನಿ ತಂದ ತಂತ್ರದಿಂದ, ನಿಂತ ಜಾಗವನ್ನು ನೆನಪಿಟ್ಟು ಅಲ್ಲಿಂದಲೇ ಮುಂದುವರಿಯುವುದನ್ನು ರೈಟರ್‌ಗಳು ಕಲಿತವು. ಆದರೆ ಕರೆಂಟ್ ಹೋದರೆ ಆ ನೆನಪೂ ಹೋಗುತ್ತದೆ, ಯುಪಿಎಸ್ ಇಲ್ಲದೆ ಮಳೆಗಾಲದ ಸಂಜೆ ಡಿಸ್ಕ್ ರೈಟ್ ಮಾಡಲು ಕೂರಬಾರದು. ಕೊನೆಗೆ ‘ಫೈನಲೈಸ್’ ಆಗಬೇಕು. ಡಿಸ್ಕಿನ ಆದಿ-ಅಂತ್ಯಗಳ ವಿವರ ಬರೆದು ಮುಚ್ಚದಿದ್ದರೆ ಬರೆದ ಕಂಪ್ಯೂಟರಿನಲ್ಲಿ ಓಡೀತು, ಬೀಗರ ಮನೆಯ ಪ್ಲೇಯರಿನಲ್ಲಿ ಓಡುವುದು ಅನುಮಾನ.

ಗೀರು ಬಿದ್ದ ಡಿಸ್ಕೂ ಓಡುತ್ತದಲ್ಲ, ಅದಕ್ಕೆ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸೊಲೊಮನ್ ಎಂಬಿಬ್ಬರು ಗಣಿತಜ್ಞರನ್ನು ನೆನೆಯಬೇಕು. 1960ರಲ್ಲಿ ಅವರು ಪ್ರಕಟಿಸಿದ ವಿಧಾನವನ್ನು ವಾಯೇಜರ್ ನೌಕೆಗಳು ದೂರದ ಗ್ರಹಗಳ ಚಿತ್ರ ಕಳಿಸಲು ಬಳಸಿದವು, ಕಲಘಟಗಿಯ ಮದುವೆ ಡಿವಿಡಿಯಲ್ಲೂ ಅದೇ ಇದೆ. ಪ್ರತಿ 33,024 ಬೈಟ್‌ಗೆ 4,832 ಬೈಟ್ ಹೆಚ್ಚುವರಿಯಾಗಿ ಸೇರಿಸಿ ಅಡ್ಡ ಸಾಲಿಗೂ ಉದ್ದ ಸಾಲಿಗೂ ತಾಳೆ ಇಟ್ಟಿರುತ್ತಾರೆ. ಕೆಲವು ಬೈಟ್ ಅಳಿಸಿಹೋದರೂ ಉಳಿದವುಗಳಿಂದ ಲೆಕ್ಕ ಹಾಕಿ ಅವನ್ನು ಮರಳಿ ಪಡೆಯಬಹುದು. ಹೀಗಾಗಿ ಸುಮಾರು 6 ಮಿಲಿಮೀಟರ್ ಉದ್ದದ ಗೀರನ್ನೂ ಡಿವಿಡಿ ತಡೆದುಕೊಳ್ಳುತ್ತದೆ. ಇದೇ ಕಾರಣಕ್ಕೆ ಡಿಸ್ಕ್ ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿ ಗೀರು ಬಿದ್ದರೆ ಅದು ಸುರುಳಿಯ ಉದ್ದಕ್ಕೇ ಹರಿದು, ತಾಳೆ ನೋಡಲು ಪಕ್ಕದಲ್ಲಿ ಏನೂ ಉಳಿದಿರುವುದಿಲ್ಲ. ವಿಸಿಡಿಯಲ್ಲಿ ಚಿತ್ರಕ್ಕೆ ಹೆಚ್ಚು ಜಾಗ ಸಿಗಲೆಂದು ತಾಳೆಯ ಒಂದು ಪದರವನ್ನೇ ಬಿಟ್ಟಿದ್ದಾರೆ. ಅದು ಬೇಗ ತಡವರಿಸಲು ಇದೂ ಒಂದು ಕಾರಣ.

ಗೀರಿಗಿಂತ ನನಗೆ ಹೆಚ್ಚು ಚಿಂತೆ ಬಣ್ಣದ್ದು. ಕಲಘಟಗಿ ತೊಟ್ಟಿಲಿಗೆ ಚಿತ್ರಗಾರರು ಹಚ್ಚುವ ಅರಗಿನ ಬಣ್ಣ ತಲೆಮಾರು ದಾಟಿ ಮೊಮ್ಮಕ್ಕಳನ್ನೂ ತೂಗುತ್ತದೆ, ಅದೇ ಮನೆಯ ಕಪಾಟಿನಲ್ಲಿರುವ ಡಿಸ್ಕಿನ ಬಣ್ಣಕ್ಕೆ ಅಷ್ಟು ಆಯುಷ್ಯವಿಲ್ಲ. ಬೆಳಕು, ಶಾಖ, ತೇವ ಮೂರೂ ಅದನ್ನು ನಿಧಾನವಾಗಿ ಬದಲಿಸುತ್ತವೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಕೈಪಿಡಿ ಡಿಸ್ಕುಗಳನ್ನು 4ರಿಂದ 20 ಡಿಗ್ರಿ ಉಷ್ಣತೆಯಲ್ಲಿ, 20ರಿಂದ 50 ಶೇಕಡಾ ತೇವಾಂಶದಲ್ಲಿ ಇಡಿ ಎನ್ನುತ್ತದೆ. 35 ಡಿಗ್ರಿ ದಾಟುವ ಏಪ್ರಿಲ್, ಬಟ್ಟೆ ಒಣಗದ ಜುಲೈ ಇರುವ ನಮ್ಮ ಕಡೆಯ ಮನೆಗಳಲ್ಲಿ ಇದು ಆಗದ ಮಾತು. ಮದುಮಕ್ಕಳ ಫೋಟೊ ಮುದ್ರಿಸಿದ ಸ್ಟಿಕ್ಕರನ್ನು ಡಿಸ್ಕಿನ ಮೇಲೆ ಅಂಟಿಸುವ ರೂಢಿ ಇನ್ನೊಂದು ತೊಂದರೆ. ಸ್ಟಿಕ್ಕರ್ ತೇವ ಹೀರಿ ಮುದುಡಿದರೆ ಡಿಸ್ಕ್ ತುಸು ಬಾಗುತ್ತದೆ, ಲೇಸರ್ ಗೆರೆ ತಪ್ಪುತ್ತದೆ.

ಮೂಲ ಎಲ್ಲಿದೆ ಎಂದು ಕೇಳಿದರೆ ಬಹಳ ಮನೆಗಳಲ್ಲಿ ಉತ್ತರವಿಲ್ಲ. ಚಿತ್ರೀಕರಿಸಿದ ಮಿನಿ ಡಿವಿ ಕ್ಯಾಸೆಟ್‌ಗಳನ್ನು ಹಲವು ಸ್ಟುಡಿಯೋಗಳು ಮುಂದಿನ ಮದುವೆಗೆ ಮರುಬಳಸಿದವು. ಒಂದು ತಾಸಿನ ಕ್ಯಾಸೆಟ್ ಕಂಪ್ಯೂಟರಿಗೆ ಬಂದರೆ ಸುಮಾರು 13 ಜಿಬಿ, ಆಗಿನ ಹಾರ್ಡ್‌ಡಿಸ್ಕಿನಲ್ಲಿ ಅದನ್ನು ಬಹಳ ಕಾಲ ಇಟ್ಟುಕೊಳ್ಳುವುದು ಹೆಚ್ಚಿನವರಿಗೆ ಕಷ್ಟವಾಗಿತ್ತು. ಆ ಕ್ಯಾಸೆಟ್ ತಯಾರಿಕೆಯನ್ನು ಸೋನಿ ನಿಲ್ಲಿಸಿದ್ದು 2025ರಲ್ಲಿ, ಜೊತೆಗೆ ಮನೆಯಲ್ಲಿ ಬರೆಯುವ ಬ್ಲೂರೇ ಡಿಸ್ಕುಗಳನ್ನೂ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಡ್ರೈವ್ ಇಲ್ಲವಾಗಿ ಬಹಳ ಕಾಲವಾಯಿತು. ಆದ್ದರಿಂದ ಈಗ ಮಾಡಬೇಕಾದದ್ದು ಉಲ್ಟಾ ಕೆಲಸ, ಡಿಸ್ಕಿನಿಂದ ಕಂಪ್ಯೂಟರಿಗೆ. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ಡ್ರೈವ್ ಇನ್ನೂ ಸಿಗುತ್ತದೆ. ಓಣಿಗೆ ಒಂದು ಇದ್ದರೂ ಸಾಕು.

ಇಡೀ ಡಿಸ್ಕನ್ನು ಐಎಸ್‌ಒ ಎಂಬ ಒಂದೇ ಫೈಲಾಗಿ ತೆಗೆದುಕೊಳ್ಳಿ, ಇಮ್ಗ್‌ಬರ್ನ್ ಇದನ್ನು ಪುಕ್ಕಟೆ ಮಾಡುತ್ತದೆ. ವಿಎಲ್‌ಸಿಯಲ್ಲಿ ಆ ಫೈಲು ಡಿಸ್ಕಿನಂತೆಯೇ ಓಡುತ್ತದೆ. ಮೊಬೈಲಿಗೆ ಬೇಕೆಂದು ಮತ್ತೆ ಎಂಪಿ4 ಮಾಡಿಕೊಳ್ಳುವವರು ಮೂಲ ಐಎಸ್‌ಒವನ್ನು ಅಳಿಸಬಾರದು, ಏಕೆಂದರೆ ಪ್ರತಿ ಬದಲಾವಣೆಯಲ್ಲೂ ಅಕ್ಕಿಕಾಳಿನ ದೃಶ್ಯ ಇನ್ನಷ್ಟು ಸೊರಗುತ್ತದೆ. ನಡುವೆ ಓದಲಾಗದ ಜಾಗ ಬಂದು ಕೆಲಸ ನಿಂತರೆ ಕೈಬಿಡಬೇಡಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಅದು ಸರಿಯಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳ ಪಟ್ಟಿ ಇಟ್ಟುಕೊಂಡು, ಅವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಅದೇ ಪಟ್ಟಿಯೊಂದಿಗೆ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿದರೆ ಮೊದಲನೆಯದು ಬಿಟ್ಟದ್ದನ್ನು ಎರಡನೆಯದು ಓದಿಬಿಡುವುದುಂಟು, ಪ್ರತಿ ಡ್ರೈವಿನ ಲೇಸರ್ ಸ್ವಲ್ಪ ಬೇರೆ. ಎಲ್ಲ ಆದಮೇಲೂ ಒಂದು ತುಣುಕು ಸಿಗದೇ ಹೋಯಿತೆನ್ನಿ. ಡಿವಿಡಿಯಲ್ಲಿ ಒಮ್ಮೆಗೆ ಕಳೆದುಹೋಗುವ ತುಣುಕು 32 ಕೆಬಿ, ಅಂದರೆ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ. ಅದರ ಹಿಂದೆ ಬರುವ ಟಿಪ್ಪಣಿಗಳಿಗೆ ಆಧಾರ ತಪ್ಪಿ ಚಿತ್ರ ಚೌಕುಳಿಯಾಗುತ್ತದೆ. ಅರ್ಧ ಸೆಕೆಂಡಿನೊಳಗೆ ಮುಂದಿನ ಪೂರ್ತಿ ಚಿತ್ರ ಬರುತ್ತದೆ, ಮುಖಗಳು ಮತ್ತೆ ನಿಚ್ಚಳವಾಗುತ್ತವೆ, ಮದುವೆ ಮುಂದೆ ಸಾಗುತ್ತದೆ.