ಬೀಸದ ಚಂಡಮಾರುತಗಳ ಲೆಕ್ಕಾಚಾರ

ಅಟ್ಲಾಂಟಿಕ್ ಸಾಗರದ ಚಂಡಮಾರುತಗಳ ದಾಖಲೆ 1851ರಿಂದ ಲಭ್ಯವಿದ್ದರೂ, ಒಂದೇ ಊರಿನ ಮೇಲೆ ಅತಿ ತೀವ್ರ ಮಾರುತ ಎರಗಿದ ನಿದರ್ಶನಗಳು ಬೆರಳೆಣಿಕೆಯಷ್ಟೇ ಇರುವುದರಿಂದ, ಕೇವಲ ಗತಕಾಲದ ಸರಾಸರಿಯನ್ನು ನಂಬಿ ಮುಂದಿನ ನಷ್ಟವನ್ನು ಅಂದಾಜಿಸಲಾಗದು. ಆದುದರಿಂದ ಅಪಾಯದ ಮಾದರಿಗಳನ್ನು ರೂಪಿಸುವ ಸಂಶೋಧಕರು, ದಾಖಲಾದ ಮಾರುತಗಳ ಪಥ, ವೇಗ ಹಾಗೂ ಕೇಂದ್ರದ ವಾಯುಭಾರಗಳ ಸಂಖ್ಯಾಶಾಸ್ತ್ರೀಯ ಲಕ್ಷಣಗಳನ್ನು ಗ್ರಹಿಸಿ, ಎಂದೂ ಬೀಸದ, ಆದರೆ ಬೀಸಬಹುದಾದ ಸಾವಿರಾರು ಮಾರುತಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸುತ್ತಾರೆ. ಬಳಿಕ, ಎಷ್ಟು ವೇಗದ ಗಾಳಿಗೆ ಯಾವ ಬಗೆಯ ಕಟ್ಟಡ ಎಷ್ಟು ಹಾನಿಗೊಳ್ಳುತ್ತದೆ ಎಂಬ ಸಂಬಂಧವನ್ನು ಅನ್ವಯಿಸಿ ನಷ್ಟವನ್ನು ಹಣದಲ್ಲಿ ಅಳೆಯುತ್ತಾರೆ. ಈ ಕಾರ್ಯದಲ್ಲಿ ವಾಯುಮಂಡಲದಷ್ಟೇ ಮನೆಗಳೂ ಕಾಡುತ್ತವೆ ಎಂದರೆ ತಪ್ಪಾಗದು, ಏಕೆಂದರೆ ಛಾವಣಿಯನ್ನು ಗೋಡೆಗೆ ಬಿಗಿದ ಬಗೆಯಂಥ ನಿರ್ಣಾಯಕ ವಿವರಗಳು ವಿಮಾ ಕಡತಗಳಲ್ಲಿ ಅನೇಕ ವೇಳೆ ಇರುವುದೇ ಇಲ್ಲ.

1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತವು ದಕ್ಷಿಣ ಫ್ಲಾರಿಡಾವನ್ನು ಅಪ್ಪಳಿಸಿದಾಗ, ವಿಮಾ ನಷ್ಟ 1,300 ಕೋಟಿ ಡಾಲರ್‌ಗಳನ್ನು ಮೀರಬಹುದೆಂದು ಇಂಥ ಮಾದರಿಗಳನ್ನು ರೂಪಿಸುತ್ತಿದ್ದ ಕ್ಯಾರೆನ್ ಕ್ಲಾರ್ಕ್ ಅವರ ಸಂಸ್ಥೆ ತನ್ನ ಮಾದರಿಯ ಆಧಾರದಿಂದ ನೀಡಿದ ಅಂದಾಜು ವಿಮಾ ವಲಯದ ಅನೇಕರಿಗೆ ಉತ್ಪ್ರೇಕ್ಷೆಯಾಗಿ ಕಂಡಿತು. ಕೊನೆಗೆ ನಷ್ಟ ಸುಮಾರು 1,550 ಕೋಟಿ ತಲುಪಿ, ಹಲವು ವಿಮಾ ಕಂಪನಿಗಳು ದಿವಾಳಿಯಾದವು. ಮಾದರಿಗಳಿಗೆ ಮನ್ನಣೆ ದೊರೆತದ್ದು ಆ ಬಳಿಕವೇ. ಅವು ಹೇಳುವ ‘ನೂರು ವರ್ಷಕ್ಕೊಮ್ಮೆ’ಯ ನಷ್ಟವೆಂದರೆ ಯಾವುದೇ ವರ್ಷದಲ್ಲಿ ಶೇ. 1ರಷ್ಟು ಸಂಭವನೀಯತೆಯುಳ್ಳದ್ದು, ಮೂವತ್ತು ವರ್ಷಗಳ ಗೃಹಸಾಲದ ಅವಧಿಗೆ ಅದು ಶೇ. 26ರಷ್ಟಾಗುತ್ತದೆ.