ಮೂತ್ರಪಿಂಡ ಸೋತಾಗ ಔಷಧದ ಅಳತೆ

ಅಂಕೋಲೆಯಿಂದ ಯಲ್ಲಾಪುರವನ್ನು ಹಾಯ್ದು ಹುಬ್ಬಳ್ಳಿಗೆ ಸಾಗುವ ಹೆದ್ದಾರಿಯ ಮೇಲಿನ ಕಿರವತ್ತಿಯಂಥ ಊರಿನಲ್ಲಿ, ಗದ್ದೆಯ ಬದುವಿನಲ್ಲಿ ಕೊಳಕುಮಂಡಲ ಕಚ್ಚಿದವರನ್ನಾಗಲಿ, ಇಲಿಜ್ವರ ಉಲ್ಬಣಿಸಿ ಕಣ್ಣು ಹಳದಿಗಟ್ಟಿದವರನ್ನಾಗಲಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯುವ ಪ್ರಸಂಗ ಬರುವುದುಂಟು. ಈ ಎರಡು ವಿಪತ್ತುಗಳೂ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಅವು ಕೆಟ್ಟವೆಂಬ ವಾರ್ತೆ ಕಿವಿಗೆ ಬಿದ್ದೊಡನೆ ಬಂಧುಗಳು ವೈದ್ಯರನ್ನು ಬೇಡಿಕೊಳ್ಳುವುದು ಹೀಗೆ: “ಕಿಡ್ನಿ ಫೇಲ್ ಆಗೇತಂತಲ್ರೀ ಡಾಕ್ಟ್ರ, ಇಂಜೆಕ್ಷನ್ ಕಮ್ಮಿ ಹಾಕ್ರಿ.”

ಈ ಬೇಡಿಕೆ ಕೆಲವು ಔಷಧಗಳ ಮಟ್ಟಿಗೆ ಯುಕ್ತವೇ. ಮೂತ್ರಪಿಂಡದ ಮಾರ್ಗವಾಗಿಯೇ ದೇಹವನ್ನು ಬಿಡುವ ಜೆಂಟಾಮೈಸಿನ್, ಅಮಿಕಾಸಿನ್ ಮೊದಲಾದವು ರಕ್ತದಲ್ಲಿ ಶೇಖರವಾಗಿ ಶ್ರವಣಶಕ್ತಿಗೂ ಮೂತ್ರಪಿಂಡಕ್ಕೂ ಹಾನಿ ಮಾಡುವುದರಿಂದ, ಅವುಗಳ ಒಂದು ಡೋಸಿಗೂ ಮತ್ತೊಂದಕ್ಕೂ ನಡುವಣ ಅಂತರವನ್ನು ಹಿಗ್ಗಿಸಬೇಕಾಗುತ್ತದೆ. ಆದರೆ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ಸೆಫ್ಟ್ರಿಯಾಕ್ಸೋನ್‌ಗಳನ್ನು ಸಾಮಾನ್ಯವಾಗಿ ತಗ್ಗಿಸಬೇಕಾಗಿಲ್ಲ. ಪ್ರತಿವಿಷದ ಪ್ರಮಾಣವಂತೂ ದೇಹವನ್ನು ಹೊಕ್ಕ ವಿಷವನ್ನು ಅನುಸರಿಸುವುದೇ ಹೊರತು ಮೂತ್ರಪಿಂಡದ ಬಲಾಬಲವನ್ನಲ್ಲ. ಮಗುವಿಗೂ ದೊಡ್ಡವರಷ್ಟೇ ಕೊಡುವರು. ತಗ್ಗಿಸತಕ್ಕ ಔಷಧಗಳಲ್ಲಿಯೂ ಮೊದಲ ಡೋಸು ಬಹುಮಟ್ಟಿಗೆ ಪೂರ್ಣವಾಗಿಯೇ ಇರತಕ್ಕದ್ದು, ಏಕೆಂದರೆ ರಕ್ತದಲ್ಲಿ ಔಷಧವನ್ನು ಬೇಕಾದ ಮಟ್ಟಕ್ಕೆ ಏರಿಸುವುದು ಅದು. ವಿಸರ್ಜನೆಯ ಪ್ರಶ್ನೆ ಅನಂತರದ್ದು. ತೀವ್ರ ಸೋಂಕಿನ ಮೊದಲ ದಿನವೇ ಅಂಜಿ ಅಳತೆ ತಗ್ಗಿಸಿದರೆ ಮೂತ್ರಪಿಂಡವನ್ನು ಕಾಯಹೋಗಿ ರೋಗಿಯನ್ನೇ ಕಳೆದುಕೊಳ್ಳುವ ಭಯವುಂಟು.

ಎರಡನೆಯ ಭ್ರಾಂತಿ ಅಕ್ಷರಸ್ಥರದು: ಪ್ರಯೋಗಾಲಯದ ಚೀಟಿಯಲ್ಲಿ ಕ್ರಿಯಾಟಿನಿನ್ ‘ನಾರ್ಮಲ್’ ಎಂದಿದ್ದರೆ ಚಿಂತೆಯಿಲ್ಲವೆಂಬುದು. ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಷವಾದ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸ್ನಾಯು ಕರಗಿದ ವೃದ್ಧರಲ್ಲಿ ಅದು ಹುಟ್ಟುವುದೇ ಅಲ್ಪವಾದುದರಿಂದ, ಮೂತ್ರಪಿಂಡ ಸೋತಿದ್ದರೂ ಚೀಟಿ ‘ನಾರ್ಮಲ್’ ಎನ್ನಬಹುದು. ಮೂತ್ರಪಿಂಡ ಅದನ್ನು ರಕ್ತದಿಂದ ಶೋಧಿಸುವ ವೇಗವನ್ನು ಅಂದಾಜಿಸಲು, 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಪ್ರಕಟಿಸಿದ ಸೂತ್ರದಂತೆ, 140ರಲ್ಲಿ ವಯಸ್ಸನ್ನು ಕಳೆದು, ಕಿಲೋ ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಬೇಕು. ಸ್ತ್ರೀಯರಿಗೆ ಉತ್ತರವನ್ನು 0.85ರಿಂದ ಗುಣಿಸಬೇಕು. ಕ್ರಿಯಾಟಿನಿನ್ 1.1 ಇರುವ, 70 ಕಿಲೋ ತೂಗುವ 30ರ ತರುಣನಿಗೆ ನಿಮಿಷಕ್ಕೆ ಸುಮಾರು 97 ಮಿಲಿಲೀಟರ್ ಬಂದರೆ, ಅದೇ 1.1 ಇರುವ, 40 ಕಿಲೋ ತೂಗುವ 75ರ ಅಜ್ಜಿಗೆ ಬರುವುದು 28! ಇಬ್ಬರ ಚೀಟಿಯೂ ಒಂದೇ ಬಗೆ. ಔಷಧದ ಅಳತೆ ಒಂದೇ ಆಗಲಾರದು. ಆದರೂ ಹಾವು ಕಚ್ಚಿದ ಮರುದಿನ ಈ ಗಣಿತವನ್ನು ನಂಬಿ ಕೂರಲಾಗದು. ಮೂತ್ರಪಿಂಡ ಹಠಾತ್ತನೆ ನಿಂತಾಗ ಕ್ರಿಯಾಟಿನಿನ್ ಏರುವುದು ನಿಧಾನವಾಗಿ.

ಅತ್ಯಂತ ಮೋಸಕರವಾದುದು ಮೂರನೆಯದು. ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿಸಿಕೊಂಡವರಿಗೆ ಕ್ರಮೇಣ ಕಡಿಮೆ ಡೋಸೇ ಸಾಕಾಗತೊಡಗಿದರೆ, ಸಕ್ಕರೆ ಕಾಯಿಲೆ ವಾಸಿಯಾಯಿತೆಂದು ಮನೆಯವರು ಸಂತೋಷಪಡುವರು. ಆದರೆ ಇನ್ಸುಲಿನ್ನನ್ನು ಕರಗಿಸುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದಾಗಿರುವುದರಿಂದ, ಅದು ಸೋತಂತೆ ಇನ್ಸುಲಿನ್ ಹೆಚ್ಚು ಕಾಲ ಉಳಿದು ಸಕ್ಕರೆಯನ್ನು ಇಳಿಸುತ್ತಿರುವುದೇ ನಿಜವಾದ ಕಾರಣವಾಗಿರಬಹುದು. ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಇಳಿಸುವ ಗುಳಿಗೆಯಿಂದಲೂ ಇದೇ ಅವಸ್ಥೆಯಲ್ಲಿ ಸಕ್ಕರೆ ಕುಸಿದು ದೀರ್ಘಕಾಲ ಪ್ರಜ್ಞೆ ತಪ್ಪುವ ಸಂಭವವುಂಟು.

ಆದುದರಿಂದ ಹುಬ್ಬಳ್ಳಿಗೆ ಹೊರಡುವ ಮುನ್ನ ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೂ, ಮನೆಯಲ್ಲಿರುವ ಗುಳಿಗೆಗಳನ್ನೂ, ಕೀಲುನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫಿನಾಕ್‌ನ್ನೂ, ನಾಟಿ ಬೇರಿನ ಔಷಧವನ್ನೂ ಮರೆಮಾಚದೆ ಚೀಲಕ್ಕೆ ಹಾಕಿಕೊಳ್ಳಿರಿ. ರೋಗಿಯ ತೂಕ ಗೊತ್ತಿದ್ದರೆ ಅದನ್ನೂ ಬರೆದುಕೊಳ್ಳಿರಿ.